ಅಜ್ಜನ ನೋವು ನಾಟಕವಾಗಿರಲಿಲ್ಲ

ಐಮಂಗಲದ ನಮ್ಮ ಮನೆಗೆ ರಾತ್ರಿಯಿಡೀ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತದೆ. ಎರಡು ವರ್ಷದ ಹಿಂದೆ ಆ ಸದ್ದಿನ ಜೊತೆಗೆ ಅಜ್ಜನ ನರಳಾಟವೂ ಕೇಳುತ್ತಿತ್ತು. ಕ್ಯಾನ್ಸರ್ ಬೆನ್ನಿನ ಮೂಳೆಗೆ ಹಬ್ಬಿತ್ತು. ವಿಚಿತ್ರವೆಂದರೆ, ಹಗಲು ಯಾರಾದರೂ ಹಳೆಯ ಗೆಳೆಯರು ಮಾತಾಡಿಸಲು ಬಂದರೆ ಅಜ್ಜ ಎದ್ದು ಕೂತು ಮಳೆ, ಶೇಂಗಾ ಬೆಳೆ ಎಂದು ನಗುನಗುತ್ತಾ ಮಾತಾಡುತ್ತಿದ್ದರು. ಅವರು ಹೋಗಿ ರಾತ್ರಿಯಾದರೆ ಮತ್ತೆ ನರಳಾಟ. 'ಬಂದೋರ ಮುಂದೆ ಚೆನ್ನಾಗಿರ್ತಾರೆ, ನಮ್ಮ ಮುಂದೆ ಮಾತ್ರ ಹಿಂಗೆ' ಎಂದು ಮನೆಯಲ್ಲಿ ಮಾತು ಬಂತು. ನಿಜ ಹೇಳಬೇಕೆಂದರೆ, ನಾನೂ ಹಾಗೇ ಅಂದುಕೊಂಡಿದ್ದೆ.

ಅಜ್ಜ ತೀರಿಕೊಂಡ ಮೇಲೆ, ಬಿ.ಇ. ತರಗತಿಯಲ್ಲಿ ಫೀಡ್‌ಬ್ಯಾಕ್ ಸರ್ಕ್ಯೂಟ್ ಪಾಠ ಕೇಳುವಾಗ, ದೇಹದಲ್ಲೂ ಇಂಥದ್ದೇ ಏರ್ಪಾಡು ಇದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ಹುಡುಕುತ್ತಾ ಹೋದೆ. ಓದಿದಷ್ಟೂ ಅಜ್ಜನ ಮುಂದೆ ತಪ್ಪಿತಸ್ಥನಾದೆ.

ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಸುದ್ದಿ ನೇರ ಮಿದುಳಿಗೆ ಹೋಗುತ್ತದೆ, ಎಷ್ಟು ಗಾಯವೋ ಅಷ್ಟೇ ನೋವು ಎಂದು ನಾವು ತಿಳಿದಿದ್ದೇವೆ. ಹಾಗಿಲ್ಲ. ಆ ಸುದ್ದಿ ಮೊದಲು ಬೆನ್ನುಹುರಿಯಲ್ಲಿ ನಿಲ್ಲಬೇಕು. ಅಲ್ಲೊಂದು ಗೇಟ್ ಇದೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ವಾದಿಸಿದರು. ಎಡವಿದ ಬೆರಳನ್ನು ನಾವು ತಕ್ಷಣ ಉಜ್ಜಿಕೊಳ್ಳುವುದು ಸುಮ್ಮನೆ ಅಲ್ಲ. ಸ್ಪರ್ಶದ ನರಗಳು ತಂದ ಸುದ್ದಿ ಆ ಗೇಟನ್ನು ಸ್ವಲ್ಪ ಮುಚ್ಚುತ್ತದೆ. ಬಿದ್ದ ಮಗುವಿನ ಮಂಡಿ ನೀವುವ ಅಮ್ಮಂದಿರಿಗೆ ಇದು ಮೊದಲೇ ಗೊತ್ತಿತ್ತು.

ಈ ಗೇಟಿಗೆ ಇನ್ನೊಬ್ಬ ಕಾವಲುಗಾರನೂ ಇದ್ದಾನೆ. ಅಫೀಮಿನಿಂದ ತೆಗೆದ ಮಾರ್ಫಿನ್ ನೋವನ್ನು ಇಳಿಸುತ್ತದೆ ಎಂಬುದು ಹಳೆಯ ಸಂಗತಿ. ಅದು ಹೋಗಿ ಕೂರುವ ಗ್ರಾಹಕಗಳು ನಮ್ಮ ನರಮಂಡಲದಲ್ಲೇ ಇವೆ ಎಂದು 1973ರಲ್ಲಿ ತಿಳಿಯಿತು. ಗಸಗಸೆ ಗಿಡದ ಹಾಲಿಗೆ ಹೊಂದುವ ಬೀಗ ನಮ್ಮ ದೇಹದಲ್ಲಿ ಯಾಕಿರಬೇಕು? ಬೀಗ ಇದೆ ಎಂದರೆ ಅದರದೇ ಕೀ ಒಳಗೇ ಇರಬೇಕಲ್ಲ! 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಆ ಕೀ ಹೊರತೆಗೆದರು. ಅದೇ ಎನ್ಕೆಫಲಿನ್, ಬರೀ ಐದು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಎಂಡಾರ್ಫಿನ್, ಡೈನಾರ್ಫಿನ್ ಅದರ ಬಳಗದವು.

ಬೆನ್ನುಹುರಿಯಲ್ಲಿ ಇವು ಎರಡು ಕೆಲಸ ಮಾಡುತ್ತವೆ. ನೋವಿನ ಸುದ್ದಿ ತರುವ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲು ಮುಚ್ಚಿ, ಸುದ್ದಿ ದಾಟಿಸುವ ರಾಸಾಯನಿಕ ಹೊರಬೀಳುವುದನ್ನು ತಗ್ಗಿಸುತ್ತವೆ. ಸುದ್ದಿ ಪಡೆಯುವ ನರಕೋಶದಲ್ಲಿ ಪೊಟ್ಯಾಷಿಯಂ ಹೊರಹೋಗುವ ಬಾಗಿಲು ತೆರೆದು ಅದನ್ನು ಸುಲಭಕ್ಕೆ ಕೆರಳದಂತೆ ಮಾಡುತ್ತವೆ. ಹೇಳುವವನ ದನಿ ತಗ್ಗಿತು, ಕೇಳುವವನ ಕಿವಿಯೂ ಮಂದವಾಯಿತು. ಇದಕ್ಕೆ ಆಜ್ಞೆ ಮಿದುಳಿನ ಬುಡದಿಂದ ಕೆಳಗಿಳಿದು ಬರುತ್ತದೆ. ಭಯ, ನಂಬಿಕೆ, ಗಮನ ಎಲ್ಲವೂ ಆ ಆಜ್ಞೆಯನ್ನು ಬದಲಿಸಬಲ್ಲವು.

ಎರಡನೇ ಮಹಾಯುದ್ಧದಲ್ಲಿ ಗಂಭೀರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಮಂದಿ ನೋವಿನ ಔಷಧ ಬೇಡ ಎಂದದ್ದನ್ನು ಅಮೆರಿಕದ ವೈದ್ಯ ಹೆನ್ರಿ ಬೀಚರ್ 1946ರಲ್ಲಿ ದಾಖಲಿಸಿದರು. 1978ರ ಇನ್ನೊಂದು ಪ್ರಯೋಗದಲ್ಲಿ, ಹಲ್ಲು ಕೀಳಿಸಿಕೊಂಡವರಿಗೆ ಔಷಧವಲ್ಲದ್ದನ್ನು ಕೊಟ್ಟರೂ ಕೆಲವರಿಗೆ ನೋವು ಇಳಿಯಿತು. ಓಪಿಯಾಯ್ಡ್ ಗ್ರಾಹಕವನ್ನು ತಡೆಯುವ ನಾಲೋಕ್ಸೋನ್ ಕೊಟ್ಟಾಗ ಆ ಉಪಶಮನ ಇಲ್ಲವಾಯಿತು. ಅಂದರೆ 'ಮನಸ್ಸಿಗೆ ಅನ್ನಿಸಿದ್ದು' ಎಂದು ನಾವು ತಳ್ಳಿಹಾಕುವುದರ ಹಿಂದೆಯೂ ರಸಾಯನವಿದೆ.

ಈಗ ಅಜ್ಜನ ವಿಷಯಕ್ಕೆ ಬರೋಣ. ಗೆಳೆಯರು ಬಂದಾಗ ಅವರ ಗಮನ ಬೇರೆಡೆ ಹರಿದು, ಗೇಟ್ ಒಂದಿಷ್ಟು ಮುಚ್ಚಿರಬೇಕು. ರಾತ್ರಿ ಒಂಟಿಯಾಗಿ ಕತ್ತಲಲ್ಲಿ ಮಲಗಿದಾಗ ಅದು ತೆರೆದಿರಬೇಕು. ನಗುವೂ ನಿಜ, ನರಳಾಟವೂ ನಿಜ. ದೀರ್ಘಕಾಲದ ನೋವಿನಲ್ಲಿ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗಿ, ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡುತ್ತವೆ. ಅಂಥವರಿಗೆ 'ತಡ್ಕೊಳ್ಳಿ' ಎನ್ನುವುದು ವಾಲ್ಯೂಮ್ ಗುಂಡಿ ಕೆಟ್ಟ ರೇಡಿಯೊಗೆ 'ಮೆಲ್ಲಗೆ ಹಾಡು' ಎಂದ ಹಾಗೆ.

ಒಳಗಿನ ಔಷಧ ಸಾಲದಾದಾಗ ಹೊರಗಿನದು ಬೇಕು. ಆಗ ನಮ್ಮ ಮನೆಯಲ್ಲಿ ಇನ್ನೊಂದು ತಪ್ಪು ನಡೆಯಿತು. ವೈದ್ಯರೊಬ್ಬರು ಮಾರ್ಫಿನ್ ಮಾತ್ರೆಯ ಮಾತೆತ್ತಿದಾಗ 'ಚಟ ಹಿಡಿಯುತ್ತೆ', 'ಅದು ಕೊಟ್ಟರೆ ಕೊನೆ ಬಂತು ಅಂತ ಅರ್ಥ' ಎಂದು ನಾವೇ ಬೇಡ ಎಂದೆವು. ಎಷ್ಟೋ ವಾರಗಳ ನಂತರ ಬೆಂಗಳೂರಿಗೆ ಓಡಾಡಿ ತಂದ ಮಾತ್ರೆ ನುಂಗಿದ ಎರಡನೇ ರಾತ್ರಿ ಅಜ್ಜ ನಿದ್ದೆ ಮಾಡಿದರು. ಆ ವಾರಗಳನ್ನು ಅವರಿಗೆ ಯಾರು ಹಿಂದಿರುಗಿಸುತ್ತಾರೆ?

ಹೆದರಿಕೆಗೆ ಕಾರಣವೇ ಇಲ್ಲ ಎನ್ನುತ್ತಿಲ್ಲ. ಅಮೆರಿಕದಲ್ಲಿ ಇಂಥ ಮಾತ್ರೆಗಳನ್ನು ಬೇಕಾಬಿಟ್ಟಿ ಬರೆದುಕೊಟ್ಟು ಲಕ್ಷಾಂತರ ಜನ ಚಟಕ್ಕೆ ಬಿದ್ದರು, ಎಷ್ಟೋ ಜನ ಸತ್ತರು. ಹೊರಗಿನ ಮಾರ್ಫಿನ್ ದೇಹದ ಎಂಡಾರ್ಫಿನ್‌ನಂತೆ ಬೇಕಾದ ಜಾಗದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಉಸಿರಾಟವನ್ನೇ ಕುಗ್ಗಿಸುತ್ತದೆ. ಹಾಗಾಗಿ ಪರೀಕ್ಷೆಯ ತಲೆನೋವಿಗೆಂದು ಗೆಳೆಯ ಕೊಟ್ಟ ಬಲವಾದ ಮಾತ್ರೆ ನುಂಗುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ವೈದ್ಯರ ಉಸ್ತುವಾರಿಯಲ್ಲಿ, ಅಳತೆ ನೋಡಿ ಕ್ಯಾನ್ಸರ್ ರೋಗಿಗೆ ಕೊಡುವುದು ಬೇರೆ ಮಾತು. ಸಿಸೇರಿಯನ್ ವೇಳೆ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಲ್ಲೂ ಅರಿವಳಿಕೆಯ ಜೊತೆ ಈ ಬಗೆಯ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವುದುಂಟು. ಅದಕ್ಕೆ ಯಾರೂ ಹೆದರುವುದಿಲ್ಲ.

ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡುಗಳಿಂದ ದಶಕಗಳ ಕಾಲ ರೋಗಿಗಳಿಗೇ ಮಾರ್ಫಿನ್ ಸಿಗುವುದು ಕಷ್ಟವಾಯಿತು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ, ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯ ಇದೆ. ಆದರೆ ಎದ್ದು ಕೂರಲಾಗದ ರೋಗಿ ಹಿರಿಯೂರಿನಿಂದಲೋ ಹೊಸದುರ್ಗದಿಂದಲೋ ಅಲ್ಲಿಗೆ ಯಾಕೆ ಹೋಗಬೇಕು? ಪ್ರತಿ ಜಿಲ್ಲಾಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ನೋವು ನಿವಾರಣೆಯ ತರಬೇತಿ ಪಡೆದ ವೈದ್ಯರು ಮತ್ತು ಮಾರ್ಫಿನ್ ಎರಡೂ ಇರಬೇಕು. ಇದನ್ನು ಕೇಳುವುದು ನಮ್ಮ ಹಕ್ಕು.

ಅದಕ್ಕೂ ಮೊದಲು ನಾವು ಮಾಡಬಹುದಾದ ಕೆಲಸವೊಂದಿದೆ. ಮನೆಯಲ್ಲಿ ಅಜ್ಜಿಯೋ, ಮುಟ್ಟಿನ ನೋವಿನ ತಂಗಿಯೋ 'ನೋವು' ಎಂದರೆ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳಿ. ಯಾವ ಹೊತ್ತಿಗೆ ಹೆಚ್ಚು ಎಂದು ಕೇಳಿ. ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅವರು ಹೇಳಿದ ಅಂಕಿಯನ್ನು ನಂಬಿ. ನಾನು ಅಜ್ಜನನ್ನು ಒಮ್ಮೆಯೂ ಹಾಗೆ ಕೇಳಲಿಲ್ಲ.