ಪುಟದಲ್ಲಿ ಇರುವುದನ್ನಷ್ಟೇ ಓದುವುದು

ಮೊನ್ನೆ ಡೊಂಬಿವಲಿಯಿಂದ ಹೊರಟ ಬೆಳಗಿನ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನಿಂತುಕೊಂಡೇ ಒಂದು ಹಾಳೆ ಓದುತ್ತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಇಣುಕಿ ನೋಡಿ, "ಆಂಟಿ, ಮಗಳ ಪರೀಕ್ಷೆಯಾ?" ಎಂದು ಮರಾಠಿಯಲ್ಲಿ ಕೇಳಿದಳು. "ಅಲ್ಲಮ್ಮ, ನನ್ನದೇ" ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ಆದರೆ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟೆ. ಯಾಕೆ ಮಡಚಿದೆ ಎಂದು ಪರೇಲ್ ಬರುವವರೆಗೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ನನಗೀಗ 41 ವರ್ಷ. ಜಮಖಂಡಿ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬೆಳಗಾವಿಯಲ್ಲಿ ನರ್ಸಿಂಗ್ ಡಿಪ್ಲೊಮಾ ಮುಗಿಸಿ, 18 ವರ್ಷಗಳಿಂದ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಅಂದರೆ ನಮ್ಮ ಡ್ಯೂಟಿ ರೂಮಿನಲ್ಲಿ ಎಲ್ಲರೂ ಒಇಟಿ ಎನ್ನುವ ಪರೀಕ್ಷೆಗೆ ಎರಡನೆಯ ಸಲ ಓದುತ್ತಿದ್ದೇನೆ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಕೇಳುವುದು, ಮಾತನಾಡುವುದು, ಓದುವುದು ಈ ಮೂರರಲ್ಲೂ ಬಿ ಗ್ರೇಡ್ ಬೇಕು. ಬರೆಯುವುದರಲ್ಲಿ ಸಿ ಪ್ಲಸ್ ಸಾಕು. ಬಿ ಗ್ರೇಡ್ ಎಂದರೆ 500ಕ್ಕೆ 350. ಮೊದಲ ಸಲ ನನಗೆ ಉಳಿದ ಮೂರೂ ಸಿಕ್ಕಿದ್ದವು. ಓದುವುದರಲ್ಲಿ 320.

ಎಲ್ಲರಿಗೂ ಆಶ್ಚರ್ಯ. ಮಾತನಾಡಲು ಹೆದರಿದ್ದೆ, ಬರೆಯಲು ಹೆದರಿದ್ದೆ. ಓದುವುದೇನು ಮಹಾ, ದಿನವೂ ಕೇಸ್ ಪೇಪರ್ ಓದುತ್ತೇನಲ್ಲ ಎಂದುಕೊಂಡಿದ್ದೆ. ಫಲಿತಾಂಶ ನೋಡಿದ ಮೇಲೆ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದೆ. ಅಲ್ಲಿ ನಿಮ್ಮ ಶಬ್ದ ಸಂಪತ್ತು ಕಡಿಮೆ ಎಂದು ಹೇಳಿ ದಪ್ಪನೆಯ ಪದಗಳ ಪಟ್ಟಿ ಕೊಟ್ಟರು. ಪ್ರಶ್ನೆಯಲ್ಲಿರುವ ಮುಖ್ಯ ಪದವನ್ನು ಪಠ್ಯದಲ್ಲಿ ಹುಡುಕಿ, ಆ ಸಾಲಿಗೆ ಹೊಂದುವ ಉತ್ತರಕ್ಕೆ ಗುರುತು ಹಾಕಿ ಎಂದರು. ಎರಡು ತಿಂಗಳು ಹಾಗೆಯೇ ಮಾಡಿದೆ. ಅಂಕ ಅಲ್ಲಾಡಲಿಲ್ಲ.

ಆಗ ಮಗಳು ಒಂದು ಮಾತು ಹೇಳಿದಳು. "ಅಮ್ಮ, ತಪ್ಪು ಎಷ್ಟು ಅಂತ ಎಣಿಸ್ತೀಯ. ಯಾಕೆ ತಪ್ಪಾಯ್ತು ಅಂತ ಯಾವತ್ತೂ ಬರೆಯೋದೇ ಇಲ್ಲ." ಅವಳಿಗೆ 13 ವರ್ಷ. ಅವಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದು, ಪದ ಗೊತ್ತಿರಲಿಲ್ಲ. ಎರಡನೆಯದು, ವಾಕ್ಯದ ಕೊನೆ ಓದಲಿಲ್ಲ. ಮೂರನೆಯದು, ಪಠ್ಯದಲ್ಲಿ ಇಲ್ಲದ್ದನ್ನು ನನ್ನ ತಲೆಯಿಂದ ಬರೆದೆ. ಪ್ರತಿ ತಪ್ಪಿನ ಕಾರಣವನ್ನು ಕನ್ನಡದಲ್ಲೇ ಬರೆದುಕೊಂಡೆ. 60 ತಪ್ಪುಗಳಾದ ಮೇಲೆ ಎಣಿಸಿ ನೋಡಿದರೆ ಮೊದಲ ಕಾಲಮ್ಮಿನಲ್ಲಿ 9, ಎರಡನೆಯದರಲ್ಲಿ 22, ಮೂರನೆಯದರಲ್ಲಿ 29. ನನ್ನ ಇಂಗ್ಲಿಷಿನ ಬಡತನ ಎಂದು ನಾನು ನಂಬಿದ್ದರ ಪಾಲು ಆರರಲ್ಲಿ ಒಂದಕ್ಕಿಂತ ಕಡಿಮೆ.

ಈ ಪರೀಕ್ಷೆಯ ಓದು ಒಂದು ಗಂಟೆಯದು, 42 ಪ್ರಶ್ನೆ. ಮೊದಲ ಭಾಗದಲ್ಲಿ ಒಂದೇ ವಿಷಯದ ಮೇಲೆ ನಾಲ್ಕು ಚಿಕ್ಕ ಪಠ್ಯಗಳು, 20 ಪ್ರಶ್ನೆ, ಬರೀ 15 ನಿಮಿಷ. ಅಲ್ಲಿ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಕುಳಿತರೆ ಮುಗಿಯಿತು. ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ನೋಡುವಂತೆ ಬೇಕಾದ ಸಾಲಿಗಷ್ಟೇ ಕಣ್ಣು ಹಾಯಬೇಕು. ಎರಡನೆಯ ಭಾಗದಲ್ಲಿ ಆಸ್ಪತ್ರೆಯ ಸುತ್ತೋಲೆ, ಸಲಕರಣೆಯ ಕೈಪಿಡಿ ಇಂಥ ಆರು ತುಣುಕುಗಳು. ಮೂರನೆಯದರಲ್ಲಿ ಎರಡು ಉದ್ದದ ಲೇಖನಗಳು. ಕೊನೆಯ ಎರಡು ಭಾಗಗಳಿಗೆ ಸೇರಿ 45 ನಿಮಿಷ. ನನ್ನ ಮೂರನೆಯ ಕಾಲಮ್ಮಿನ ತಪ್ಪುಗಳೆಲ್ಲ ಬಹುತೇಕ ಈ 45 ನಿಮಿಷದಲ್ಲಿ ಆದವು.

ಯಾಕೆಂದರೆ ಪಠ್ಯ ನನ್ನ ಕೆಲಸದ ಬಗ್ಗೆಯೇ ಇರುತ್ತದೆ. ಗಾಯದ ಡ್ರೆಸ್ಸಿಂಗ್ ಬಗ್ಗೆ ಪ್ರಶ್ನೆ ಬಂದರೆ 18 ವರ್ಷದ ಅನುಭವ ಮುಂದೆ ಬಂದು ನಿಲ್ಲುತ್ತದೆ. ಸುತ್ತೋಲೆ ಏನು ಹೇಳುತ್ತದೆ ಎಂದು ಕೇಳಿದರೆ ನಾನು ವಾರ್ಡಿನಲ್ಲಿ ಏನು ಮಾಡುತ್ತೇನೆ ಎಂದು ಉತ್ತರಿಸುತ್ತೇನೆ. ಉತ್ತರ ವೈದ್ಯಕೀಯವಾಗಿ ಸರಿಯೇ ಇರಬಹುದು, ಆದರೆ ಆ ಪುಟದಲ್ಲಿ ಅದು ಇಲ್ಲ. ಐಇಎಲ್‌ಟಿಎಸ್ ಬರೆಯುವ ಗೆಳತಿಯರು 'ನಾಟ್ ಗಿವನ್' ಎಂಬ ಆಯ್ಕೆಗೆ ಹೆದರುವುದೂ ಇದಕ್ಕೇ. ಪಠ್ಯ ಈ ವಿಷಯ ಹೇಳಿಯೇ ಇಲ್ಲ ಎಂದು ಒಪ್ಪಿಕೊಳ್ಳುವುದು ಬಲ್ಲವರಿಗೆ ಬಹಳ ಕಷ್ಟ. 20ರ ಹುಡುಗಿಗಿಂತ 40ರ ಹೆಂಗಸು ಇಲ್ಲಿ ಹೆಚ್ಚು ಎಡವುತ್ತಾಳೆ. ಅವಳಿಗೆ ಗೊತ್ತಿರುವುದು ಕಡಿಮೆಯಾಗಿದ್ದಕ್ಕಲ್ಲ, ಹೆಚ್ಚಾಗಿದ್ದಕ್ಕೆ.

ಎರಡನೆಯ ಕಾಲಮ್ಮಿನ ಕಾರಣ ಹುಡುಕಲು ಸ್ವಲ್ಪ ದಿನ ಹಿಡಿಯಿತು. ಅದು ನಮ್ಮ ಭಾಷೆಯ ಅಭ್ಯಾಸ. "ಜ್ವರ 101 ದಾಟಿದರೆ ಮಾತ್ರ ಮಾತ್ರೆ ಕೊಡಿ" ಎಂದು ನಾವು ಹೇಳುತ್ತೇವೆ. ಷರತ್ತು ಮೊದಲು, ಕ್ರಿಯೆ ಕೊನೆಗೆ. ಕ್ರಿಯಾಪದ ಬಂತೆಂದರೆ ವಾಕ್ಯ ಮುಗಿಯಿತು, ಕಣ್ಣು ಮುಂದಿನ ಸಾಲಿಗೆ ಹಾರುತ್ತದೆ. ಇಂಗ್ಲಿಷಿನಲ್ಲಿ 'ಮಾತ್ರೆ ಕೊಡಿ' ಎಂಬುದು ಮೊದಲೇ ಬಂದುಬಿಡುತ್ತದೆ. 'ಓನ್ಲಿ ಇಫ್', 'ಅನ್‌ಲೆಸ್', 'ರಾದರ್ ದ್ಯಾನ್' ಎನ್ನುವವು ಬಾಲದಲ್ಲಿ ಇರುತ್ತವೆ. ನಾವು ತಲೆ ನೋಡಿ ಅರ್ಥವಾಯಿತು ಎಂದು ಹೊರಡುತ್ತೇವೆ. ಆಮೇಲಿಂದ ಪ್ರತಿ ಉದ್ದನೆಯ ವಾಕ್ಯದ ಪೂರ್ಣವಿರಾಮಕ್ಕೆ ಪೆನ್ಸಿಲ್ ಮುಟ್ಟಿಸಿ, ಅಲ್ಲಿಂದ ಹಿಂದಕ್ಕೆ ಒಂದು ಸಲ ನೋಡುವ ರೂಢಿ ಮಾಡಿಕೊಂಡೆ. ಮೊದಮೊದಲು ಸಮಯ ಸಾಲುತ್ತಿರಲಿಲ್ಲ. ಮೂರು ವಾರದ ನಂತರ ಪೆನ್ಸಿಲ್ ಬೇಕಾಗಲಿಲ್ಲ.

ಇದೆಲ್ಲ ಪರೀಕ್ಷೆಯ ಮಾತಾಯಿತು. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಬೇರೆ. ಕಳೆದ ವರ್ಷ ನಮ್ಮ ವಾರ್ಡಿಗೆ ಒಂದು ಸುತ್ತೋಲೆ ಬಂದಿತ್ತು. ರೋಗಿಯ ಕೈಗೆ ಹಾಕುವ ಕ್ಯಾನುಲಾವನ್ನು 72 ಗಂಟೆಯಾಯಿತೆಂದು ಸುಮ್ಮನೆ ಬದಲಿಸಬೇಡಿ, ಊತ, ನೋವು, ಕೆಂಪು ಇಂಥ ಲಕ್ಷಣ ಕಂಡರೆ ಬದಲಿಸಿ ಎಂದು ಅದರಲ್ಲಿತ್ತು. ನಾನು ಓದಿ ಸಹಿ ಹಾಕಿದ್ದೆ. '72' ಎಂಬ ಅಂಕಿ ಕಂಡಿತ್ತು, ಉಳಿದದ್ದು ನನಗೆ ಮೊದಲೇ ಗೊತ್ತಿತ್ತಲ್ಲ! ಎರಡು ದಿನದ ಮೇಲೆ, ನರ ಸಿಗುವುದೇ ಕಷ್ಟವಾಗಿದ್ದ ಒಬ್ಬ ಅಜ್ಜಿಯ ಕೈಯಿಂದ ಚೆನ್ನಾಗಿ ನಡೆಯುತ್ತಿದ್ದ ಕ್ಯಾನುಲಾ ತೆಗೆದು, ಹೊಸದಕ್ಕಾಗಿ ಮೂರು ಕಡೆ ಚುಚ್ಚಿದೆ. ಅಜ್ಜಿ ಏನೂ ಅನ್ನಲಿಲ್ಲ, ಮುಖ ಆ ಕಡೆ ತಿರುಗಿಸಿದರು. ಜೂನಿಯರ್ ಹುಡುಗಿ ಮೆಲ್ಲಗೆ, "ಸಿಸ್ಟರ್, ಸರ್ಕ್ಯುಲರ್‌ನಲ್ಲಿ ಬೇರೆ ಇದೆ" ಎಂದಳು. ನನಗೆ ಸಿಟ್ಟು ಬಂತು. ಗೋಡೆಯ ಮೇಲಿನ ಹಾಳೆ ಮತ್ತೆ ಓದಿದೆ. ಅವಳು ಸರಿಯಾಗಿದ್ದಳು.

ಆ ದಿನ ಅದನ್ನು ಕೆಲಸದ ಒತ್ತಡ ಎಂದುಕೊಂಡೆ. ನೋಟ್‌ಬುಕ್ಕಿನ ಮೂರನೆಯ ಕಾಲಂ ತುಂಬಿದ ಮೇಲೆಯೇ ಅದು ನನ್ನ ಓದಿನ ದೋಷ ಎಂದು ತಿಳಿದದ್ದು. ಸುತ್ತೋಲೆಯಲ್ಲಿ ಏನಿದೆ ಎಂದು ಕೇಳುವ ಪರೀಕ್ಷೆಯನ್ನು ನಾವು ವೀಸಾದ ಅಡೆತಡೆ ಎಂದು ಬೈಯುತ್ತೇವೆ. ಬೈಯಲು ಕಾರಣಗಳೂ ಇವೆ. ಶುಲ್ಕ ಹೆಚ್ಚು, ಮತ್ತೆ ಮತ್ತೆ ಕಟ್ಟಬೇಕು, ಕೆಲಸ ಬಲ್ಲವಳ ಅನುಭವವನ್ನು ಒಂದು ಗಂಟೆಯ ಹಾಳೆ ಅಳೆಯಲಾರದು. ಆದರೂ ಅದು ಕೇಳುವ ಪ್ರಶ್ನೆ ನ್ಯಾಯವಾದದ್ದು. ಎದುರಿಗಿರುವುದನ್ನು ಓದಿದಿರಾ, ಅಥವಾ ನಿಮಗೆ ಗೊತ್ತಿದ್ದುದನ್ನೇ ಮತ್ತೆ ಓದಿಕೊಂಡಿರಾ?

ಈ ದೋಷ ಇಂಗ್ಲಿಷಿನಿಂದ ಬಂದದ್ದಲ್ಲ. ನಾವು ಶಾಲೆಯಲ್ಲಿ ಪಾಠ ಓದಲಿಲ್ಲ, ಪ್ರಶ್ನೋತ್ತರ ಓದಿದೆವು. ಕನ್ನಡ ಪರೀಕ್ಷೆಯಲ್ಲಿ 'ಈ ಗದ್ಯಭಾಗವನ್ನು ಓದಿ ಉತ್ತರಿಸಿ' ಎಂಬ ಪ್ರಶ್ನೆ ಬಂದರೆ ಪುಕ್ಕಟೆ ಅಂಕ ಎನ್ನುತ್ತಿದ್ದೆವು. ಪ್ರಶ್ನೆಯಲ್ಲಿದ್ದ ಪದವನ್ನು ಮೇಲೆ ಹುಡುಕಿ ಆ ಸಾಲನ್ನು ಹಾಗೆಯೇ ಇಳಿಸಿದರೆ ಸಾಕಿತ್ತು. ಇಲ್ಲಿ ಅದು ನಡೆಯುವುದಿಲ್ಲ. ಪಠ್ಯದ ಪದವನ್ನೇ ಹೊತ್ತ ಆಯ್ಕೆ ಎಷ್ಟೋ ಸಲ ತಪ್ಪು ಉತ್ತರವಾಗಿರುತ್ತದೆ. ಸರಿ ಉತ್ತರ ಅದೇ ಅರ್ಥವನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಹಾಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದ್ದೇ ನಮ್ಮ ಕೊರತೆ ಎಂಬ ಕೀಳರಿಮೆ ಬೇಡ. ಕೊರತೆ ಓದಿದ ಕ್ರಮದ್ದು. ಅದನ್ನು ತಿದ್ದುವ ಕೆಲಸ ಕನ್ನಡದಲ್ಲೇ ಶುರುವಾಗಬಹುದು. ಈಗ ನಾನು ದಿನವೂ ಇದೇ ಪತ್ರಿಕೆಯ ಒಂದು ಸಂಪಾದಕೀಯ ಓದಿ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರು ಏನು ಹೇಳಿದರು, ಏನು ಹೇಳಲಿಲ್ಲ, ಯಾವ ಷರತ್ತು ಇಟ್ಟರು? ಹತ್ತು ನಿಮಿಷದ ಕೆಲಸ. ಅದೇ ಕಣ್ಣಿನಿಂದ ಇಂಗ್ಲಿಷ್ ಹಾಳೆಗೆ ಹೋಗುತ್ತೇನೆ. ಈಚಿನ ಹಾಳೆಗಳಲ್ಲಿ ಮೂರನೆಯ ಕಾಲಮ್ಮಿಗೆ ಒಂದೋ ಎರಡೋ ತಪ್ಪು ಬೀಳುತ್ತಿವೆ.

ಮುಂಬಯಿ ಕನ್ನಡಿಗರಿಗೆ ದೊಡ್ಡವರಾದ ಮೇಲೆ ಓದುವುದು ಹೊಸದಲ್ಲ. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತು ಕಲಿತ ಊರು ಇದು. ನಮ್ಮ ಸಂಘಗಳು ಆ ಹಿರಿಯರನ್ನು ವೇದಿಕೆಯ ಮೇಲೆ ನೆನೆಯುತ್ತವೆ, ಒಳ್ಳೆಯದು. ಆದರೆ ಇಂದಿನ ರಾತ್ರಿ ಶಾಲೆಯ ವಿದ್ಯಾರ್ಥಿಗಳು ನಮ್ಮ ನಡುವೆಯೇ ಇದ್ದಾರೆ. ಒಇಟಿ ಬರೆಯುವ ನರ್ಸ್, ಬಡ್ತಿಗಾಗಿ ಬ್ಯಾಂಕಿನ ಪರೀಕ್ಷೆ ಬರೆಯುವ ಗುಮಾಸ್ತ, ಟೆಂಡರ್ ಕಾಗದ ಅರ್ಥವಾಗದೆ ಬೇರೆಯವರಿಗೆ ದುಡ್ಡು ಕೊಟ್ಟು ಓದಿಸುವ ಗುತ್ತಿಗೆದಾರ, ಇವರೆಲ್ಲ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಒಬ್ಬರೇ ಕದ್ದು ಓದುತ್ತಿದ್ದಾರೆ. ವಾರಕ್ಕೊಂದು ದಿನ ಸಂಘದ ಕೋಣೆ ತೆರೆದು, ಒಂದು ಪಠ್ಯ ಕೊಟ್ಟು, ಯಾರ ಉತ್ತರ ಯಾಕೆ ತಪ್ಪಾಯಿತು ಎಂದು ಕನ್ನಡದಲ್ಲಿ ಮಾತನಾಡಲು ಬಿಟ್ಟರೆ ಸಾಕು. ಅದಕ್ಕೆ ಫ್ಯಾನು, ಬೆಂಚು, ಒಂದು ಗಡಿಯಾರ ಬಿಟ್ಟು ಬೇರೇನೂ ಬೇಡ.

ನಾವು ಮೂವರು ನರ್ಸುಗಳು ಹೀಗೆ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೂರುತ್ತಿದ್ದೇವೆ. ಮಗಳು ಗಡಿಯಾರ ಹಿಡಿಯುತ್ತಾಳೆ. ಹೋದ ವಾರ ಅವಳೂ ಒಂದು ಪಠ್ಯ ಬಿಡಿಸಿ, ನಮಗಿಂತ ಬೇಗ ಮುಗಿಸಿ, ನಮಗಿಂತ ಎರಡು ಹೆಚ್ಚು ತಪ್ಪು ಮಾಡಿದಳು. ಬ್ರಿಟನ್ನಿಗೆ ಹೋಗುವುದು ಇನ್ನೂ ನಿಶ್ಚಯವಿಲ್ಲ. ಊರಲ್ಲಿ ಅವ್ವ ಇದ್ದಾಳೆ, ಇಲ್ಲಿ ಇವಳ ಶಾಲೆ ಇದೆ, ಅದು ಬೇರೆಯೇ ಲೆಕ್ಕ.

ಪರೀಕ್ಷೆಗೆ ಇನ್ನು ಮೂರು ವಾರ ಇದೆ. ನಾಳೆ ಬೆಳಗಿನ ಲೋಕಲ್‌ನಲ್ಲಿ ಯಾರು ಇಣುಕಿದರೂ ಹಾಳೆ ಮಡಚುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.