ಲಿಪಿಕಾರನ ಕೊನೆಯ ಗರಿ

ತಾಳೆಗರಿಯ ಕಟ್ಟೊಂದು ಕೈಗೆ ಬಂದಾಗ ನಾನು ಮೊದಲು ಬಿಡಿಸಿ ನೋಡುವುದು ಅದರ ಕೊನೆಯ ಗರಿಯನ್ನು. ಕಾವ್ಯವನ್ನು ಓದಲು ಬಂದವರಿಗೆ ಇದು ವಿಪರೀತವೆನಿಸಬಹುದು. ಆದರೆ ಕವಿಯ ಮಾತು ಮುಗಿದು ಲಿಪಿಕಾರನ ಮಾತು ಆರಂಭವಾಗುವುದು ಅಲ್ಲಿಯೇ. ಸಂವತ್ಸರ, ಮಾಸ, ತಿಥಿ, ವಾರ. ತನ್ನ ಹೆಸರು, ತಂದೆಯ ಹೆಸರು, ಊರು. ಯಾರಿಗಾಗಿ ಬರೆದನೆಂಬ ವಿವರ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಳ್ಳಬೇಕೆಂಬ ವಿನಂತಿ. ಕೆಲವರು ತಮ್ಮ ದೇಹದ ಕಷ್ಟವನ್ನೂ ಅಲ್ಲಿ ಹೇಳಿಕೊಳ್ಳುತ್ತಾರೆ. ಬೆನ್ನು ನೊಂದಿದೆ, ಕಣ್ಣು ಸೋತಿದೆ, ಆದುದರಿಂದ ಈ ಪ್ರತಿಯನ್ನು ಜೋಪಾನ ಮಾಡಿರಿ ಎಂಬುದು ಅವರ ಬೇಡಿಕೆಯ ಸಾರ.

ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಇಂತಹ ಪುಷ್ಪಿಕೆಗಳನ್ನು ಪ್ರತಿಯ ಕಾಲ ಮತ್ತು ಮೂಲವನ್ನು ನಿರ್ಣಯಿಸುವ ಸಾಧನಗಳೆಂದು ಕಲಿಸುತ್ತೇವೆ. ನಾನೂ ಬಹುಕಾಲ ಹಾಗೆಯೇ ಕಲಿಸಿದೆ. ಕಷ್ಟವನ್ನು ಹೇಳಿಕೊಳ್ಳುವ ಆ ದನಿಯಲ್ಲಿ ಒಂದು ಬಗೆಯ ಹೆಮ್ಮೆಯೂ ಇದೆಯೆಂದು ನನಗೆ ಹೊಳೆದದ್ದಕ್ಕೆ ಬೇರೆ ಕಾರಣವಿದೆ.

ಪಿಎಚ್‌.ಡಿ. ಪದವಿ ಬಂದ ಮೇಲೆ ನಾಲ್ಕು ವರ್ಷ ನಾನು ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರು ಶಾಯಿಯಲ್ಲಿ, ನನ್ನದು ಪೆನ್ಸಿಲಿನಲ್ಲಿ. ಪ್ರತಿವರ್ಷ ಮಾರ್ಚಿಯಲ್ಲಿ ಅದನ್ನು ಅಳಿಸುತ್ತಿದ್ದರು. ಜುಲೈಯಲ್ಲಿ, ಅದೃಷ್ಟವಿದ್ದರೆ, ಮತ್ತೆ ಬರೆಯುತ್ತಿದ್ದರು. ನಾನು ಆರಂಭಿಸಿದ ‘ಪಂಪಭಾರತ’ವನ್ನು ಮತ್ತೊಬ್ಬರು ಮುಗಿಸುತ್ತಿದ್ದರು, ಅವರು ಬಿಟ್ಟ ಛಂದಸ್ಸನ್ನು ನಾನು ಎತ್ತಿಕೊಳ್ಳುತ್ತಿದ್ದೆ. ಬೆಳಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗುತ್ತಿರಲಿಲ್ಲ. ಪರಿಚಿತರು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಅಂಥ ಒಂದು ಬೇಸಗೆಯಲ್ಲಿ ಹಿರಿಯರೊಬ್ಬರು ಬಸದಿಯ ಕಪಾಟಿನಲ್ಲಿದ್ದ ಓಲೆಕಟ್ಟುಗಳ ಸೂಚಿಯನ್ನು ಸಿದ್ಧಪಡಿಸಲು ಕರೆದರು. ದಿನಭತ್ಯೆ ಅಲ್ಪ, ಮಧ್ಯಾಹ್ನದ ಊಟ ಅಲ್ಲಿಯೇ. ಮೆತ್ತನೆಯ ಕುಂಚದಿಂದ ಧೂಳು ತೆಗೆಯುವುದು, ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು, ಅಕ್ಷರ ಮಸುಕಾದಲ್ಲಿ ಮಸಿ ತೀಡಿ ಒರೆಸುವುದು. ಬಳಿಕ ಗರಿಗಳನ್ನು ಎಣಿಸಿ, ಉದ್ದಗಲ ಅಳೆದು, ಗರಿಗೆ ಎಷ್ಟು ಸಾಲೆಂದು ನೋಡಿ, ಆದಿ ಅಂತ್ಯಗಳನ್ನು ನಕಲಿಸಿಕೊಳ್ಳುವುದು. ಮೊದಲ ವಾರ ಬೆರಳು ಕಪ್ಪಾದದ್ದಷ್ಟೇ ಲಾಭ. ಎರಡನೆಯ ವಾರದಿಂದ ಸಂಜೆಯ ಹೊತ್ತಿಗೆ ಮೂರು ಕಟ್ಟು ಮುಗಿದಿರುತ್ತಿದ್ದವು, ಬಟ್ಟೆ ಸುತ್ತಿ ಚೀಟಿ ಅಂಟಿಸಿಯಾಗಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆ ಹಿರಿಯರು ಬಂದು, “ಇವತ್ತು ಎಷ್ಟಾಯಿತಪ್ಪಾ?” ಎಂದು ಕೇಳುತ್ತಿದ್ದರು. ನನ್ನಲ್ಲಿ ಉತ್ತರವಿರುತ್ತಿತ್ತು. ನಿದ್ದೆ ಸರಿಯಾಯಿತು. ಮನೆಯಲ್ಲಿ ಮಾತು ಹೆಚ್ಚಾಯಿತೆಂದು ಹೆಂಡತಿ ಹೇಳಿದಾಗಲೇ ನನಗೂ ಅದು ಗೊತ್ತಾದದ್ದು.

ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂತು. ನಮ್ಮಲ್ಲಿ ಅದನ್ನು ಆಕರವಾಗಿ ತಿರುವಿಹಾಕುವವರು ಇದ್ದಾರೆ, ಓದುವವರು ಕಡಿಮೆ. ಆ ಬೇಸಗೆಯಲ್ಲಿ ನಾನು ಅದನ್ನು ಪುಟಪುಟವಾಗಿ ಓದಿದೆ. ಒಂದೊಂದು ನಮೂದಿನ ಹಿಂದೆಯೂ ಬಗ್ಗಿದ ಬೆನ್ನೊಂದು ಕಾಣುತ್ತಿತ್ತು.

ಕೆಲಸವು ಮನುಷ್ಯನಿಗೆ ಆತ್ಮಗೌರವವನ್ನು ಕೊಡುತ್ತದೆಂಬ ಮಾತು ಸವೆದ ನಾಣ್ಯ. ಎಂತಹ ಕೆಲಸವೆಂದು ಕೇಳದೆ ಅದನ್ನು ಚಲಾಯಿಸುತ್ತೇವೆ. ಇಷ್ಟಪಟ್ಟ ಕೆಲಸ ಸಿಕ್ಕಿದರೆ ಸಾಕೆನ್ನುವವರಿದ್ದಾರೆ. ನಾನು ಇಷ್ಟಪಟ್ಟದ್ದು ಪಾಠ ಹೇಳುವುದನ್ನೇ, ಕುಗ್ಗಿದ್ದೂ ಅಲ್ಲಿಯೇ. ನನ್ನ ಅನುಭವದಲ್ಲಿ ಮನಸ್ಸನ್ನು ಮೇಲೆತ್ತುವ ಕೆಲಸಕ್ಕೆ ಒಂದು ಕೊನೆಯ ಗರಿ ಇರಬೇಕು. ಮುಗಿಯಿತೆಂದು ಕಾಣಬೇಕು, ಮಾಡಿದವನು ಇಂಥವನೆಂದು ತಿಳಿಯಬೇಕು, ಸ್ವೀಕರಿಸುವ ಕೈಯೊಂದು ಇರಬೇಕು. ಸೋಮನಾಥಪುರದ ಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರು ಕೊರೆದಿದ್ದಾರೆ. ದೊರೆಯ ಹೆಸರಿರುವ ಗುಡಿಯಲ್ಲಿ ಉಳಿ ಹಿಡಿದವನ ಹೆಸರೂ ಉಳಿಯಬಹುದೆಂಬ ಭರವಸೆಯಿಂದ ಕಲ್ಲು ಕಡೆದವನ ಕೈ ಹೇಗಿದ್ದಿರಬೇಕು?

ಇಲ್ಲೊಂದು ಅಪಾಯವೂ ಇದೆ. ತೃಪ್ತಿಯ ಮಾತನ್ನು ಕೂಲಿಯ ಬದಲಿಗೆ ಕೊಡುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಅತಿಥಿ ಉಪನ್ಯಾಸಕರಿಗೆ ‘ಬೋಧನೆ ಪವಿತ್ರ ಸೇವೆ’ ಎಂದು ಉಪದೇಶಿಸುವವರು ತಮ್ಮ ಸಂಬಳ ಒಂದು ದಿನ ತಡವಾದರೆ ಸುಮ್ಮನಿರುವವರಲ್ಲ. ಕಾಯಕದ ಹೆಸರೆತ್ತುವವರೂ ಇದ್ದಾರೆ. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ನಮಗೆಲ್ಲ ತಿಳಿದ ಸಂಗತಿ. ಶಾಸ್ತ್ರದಾನವೆಂದು ಅದನ್ನು ಕೊಂಡಾಡುವಾಗ, ಬರೆಸುವುದೆಂದರೆ ಬರೆಯುವವನ ಹೊಟ್ಟೆಯ ಚಿಂತೆಯನ್ನು ವಹಿಸಿಕೊಳ್ಳುವುದೂ ಹೌದೆಂಬುದನ್ನು ಮರೆಯುತ್ತೇವೆ. ಬರೆಸಿದವಳ ಹೆಸರು ಸಾವಿರ ವರ್ಷದಿಂದ ನಾಲಗೆಯ ಮೇಲಿದೆ, ಬರೆದವರ ಹೆಸರು ಯಾರ ಬಾಯಲ್ಲೂ ಇಲ್ಲ.

ನಮ್ಮ ಕನ್ನಡ ವಿಭಾಗಗಳ ಬಗೆಗೆ ನನ್ನ ತಕರಾರು ಇದೇ ಜಾಡಿನದು. ಗ್ರಂಥಸಂಪಾದನೆಯನ್ನು ಒಂದು ಪ್ರಶ್ನೆಪತ್ರಿಕೆಯಾಗಿ ಉಳಿಸಿಕೊಂಡು ಕೈಕೆಲಸವಾಗಿ ಕೈಬಿಟ್ಟಿದ್ದೇವೆ. ಐದಾರು ವರ್ಷ ದುಡಿದ ಸಂಶೋಧಕನ ಮಹಾಪ್ರಬಂಧವನ್ನು ಮಾರ್ಗದರ್ಶಕ ಮತ್ತು ಪರೀಕ್ಷಕರಲ್ಲದೆ ಓದುವವರು ವಿರಳ. ಅವನಿಗೆ ಮೊದಲ ವರ್ಷವೇ ಹತ್ತು ಗರಿಗಳ ಒಂದು ಕಿರುಕೃತಿಯನ್ನು ಕೊಟ್ಟು, ಪಾಠಾಂತರ ಗುರುತಿಸಿ ಶುದ್ಧಪ್ರತಿ ಸಿದ್ಧಪಡಿಸಲು ಹೇಳಿ, ಅವನ ಹೆಸರಿನಲ್ಲಿಯೇ ಅಚ್ಚು ಮಾಡಿಸಬಾರದೇಕೆ? ಭಂಡಾರಗಳಲ್ಲಿ ಕೆಲಸಕ್ಕೆ ಬರವಿಲ್ಲ. ಸ್ವಾಧ್ಯಾಯವನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿದ ಪರಂಪರೆಯಲ್ಲಿ ಓಲೆಗಳು ಕಪಾಟಿನಲ್ಲಿ ಹುಡಿಯಾಗುವುದನ್ನು ನೋಡುತ್ತ ಕುಳಿತಿರುವುದು ನನಗಂತೂ ಒಗ್ಗದು.

ಈ ಮಾತನ್ನು ಈಗ ಬರೆಯಲು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ನಿಮಿತ್ತ. ಚಿನ್ನದ ಪದಕ ಪಡೆದು, ಡಾಕ್ಟರೇಟ್ ಮುಗಿಸಿ, ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಿರುವ ಆಕೆ ಕಳೆದ ವರ್ಷ ನಮ್ಮ ಮನೆಗೆ ಬಂದಾಗ ತಲೆಯೆತ್ತಿ ಮಾತಾಡಲಿಲ್ಲ. ಸಮಾಧಾನದ ಮಾತು ನನಗೆ ಬಾರದು. ಯಜಮಾನರ ಅನುಮತಿ ಪಡೆದು, ಒಂದು ಖಾಸಗಿ ಸಂಗ್ರಹದ ಓಲೆಕಟ್ಟಿನ ಛಾಯಾಪ್ರತಿಯನ್ನು ಆಕೆಗೆ ಕೊಟ್ಟೆ. ಎರಡು ತಿಂಗಳು ಸುದ್ದಿಯಿರಲಿಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ದೂರವಾಣಿ ಕರೆ. “ಸರ್, ಕೊನೆಯ ಗರಿಯಲ್ಲಿ ಲಿಪಿಕಾರನ ಹೆಸರಿನ ಮೊದಲ ಎರಡಕ್ಷರವನ್ನು ಹುಳ ತಿಂದಿದೆ. ‘ಯ್ಯ’ ಎಂದಷ್ಟೇ ಉಳಿದಿದೆ. ಪದ್ಮಯ್ಯನೋ ನೇಮಯ್ಯನೋ?” ಅರ್ಧ ಗಂಟೆ ವಾದ ಮಾಡಿದೆವು. ಆಕೆ ಪದ್ಮಯ್ಯನ ಪಕ್ಷ, ನಾನು ನೇಮಯ್ಯನ ಪಕ್ಷ. ಆಕೆಯ ಮೂರು ತಿಂಗಳ ಗೌರವಧನ ಇನ್ನೂ ಬಂದಿಲ್ಲ.