ಡೆಡ್‌ಲೈನ್ ತಪ್ಪಿದ ಶನಿವಾರ

ಈ ಶುಕ್ರವಾರ, ಆಗಸ್ಟ್ 15ರ ರಾತ್ರಿ 10 ಗಂಟೆಗೆ ನನ್ನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಆಫೀಸಿನ ಮೀಟಿಂಗ್ ಅಲ್ಲ, ರಾತ್ರಿ ಬಸ್ಸೂ ಅಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅವತ್ತು ಶುರು. ಅದರ ಫ್ಯಾಂಟಸಿ ಆಟಕ್ಕೆ ಟೀಮ್ ಕಟ್ಟಿ ಮುಗಿಸಲು ನಮ್ಮ ಗಡಿಯಾರದಲ್ಲಿ 11 ಗಂಟೆ ಕೊನೆ.

"ರೋಣದ ಹುಡುಗನಿಗೆ ಇಂಗ್ಲೆಂಡಿನ ಫುಟ್‌ಬಾಲ್ ಯಾಕಪಾ, ಆರ್‌ಸಿಬಿ ಸಾಲದಾ?" ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ತಪ್ಪು ನನ್ನದಲ್ಲ, ಇಂಜಿನಿಯರಿಂಗ್ ಹಾಸ್ಟೆಲ್ಲಿನದು. ಪಕ್ಕದ ರೂಮಿನಲ್ಲಿ ಗಜೇಂದ್ರಗಡದವನೊಬ್ಬ ಇದ್ದ, ನೇಕಾರರ ಮನೆಯ ಹುಡುಗ. ಅರ್ಧರಾತ್ರಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮ್ಯಾಚ್ ನೋಡುತ್ತಿದ್ದ. ಆಮೇಲೆ ನರಗುಂದದವನು ಸೇರಿದ, ಕೊನೆಗೆ ನಾನು. ಈಗ ಒಬ್ಬ ಪುಣೆಯಲ್ಲಿ, ಒಬ್ಬ ನರಗುಂದದಲ್ಲೇ ಅಂಗಡಿ ನೋಡಿಕೊಂಡು, ನಾನು ಬೆಂಗಳೂರಲ್ಲಿ. ಹಾಸ್ಟೆಲ್ಲಿನ ಇನ್ನೂ ಆರು ಜನ ಸೇರಿ ನಮ್ಮ ಖಾಸಗಿ ಲೀಗ್‌ನಲ್ಲಿ ಒಂಬತ್ತು ಟೀಮ್. ನನ್ನ ಟೀಮಿನ ಹೆಸರು 'ಎರಿಹೊಲ ಎಫ್‌ಸಿ'. ದುಡ್ಡಿನ ವ್ಯವಹಾರ ಇಲ್ಲ. ಕೊನೆಗೆ ಬಂದವನು ಉಳಿದ ಎಂಟು ಜನಕ್ಕೆ ಗಿರಮಿಟ್, ಮಿರ್ಚಿ ತಿನ್ನಿಸಬೇಕು, ಅಷ್ಟೇ.

ಆಡದವರಿಗಾಗಿ ಎರಡು ಮಾತು. ಆಟ ಪೂರ್ತಿ ಉಚಿತ. ಲೆಕ್ಕಕ್ಕಷ್ಟೇ ಇರುವ 10 ಕೋಟಿ ಪೌಂಡ್ ಕೊಡುತ್ತಾರೆ. ಅದರಲ್ಲಿ 15 ಆಟಗಾರರನ್ನು ಕೊಳ್ಳಬೇಕು, ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಬೇಡ. ವಾರವಾರ 11 ಜನರನ್ನು ಇಳಿಸಿ ನಾಲ್ವರನ್ನು ಬೆಂಚಿನಲ್ಲಿ ಕೂರಿಸಬೇಕು. ನಿಜವಾದ ಮ್ಯಾಚಿನಲ್ಲಿ ಅವರು ಗೋಲು ಹೊಡೆದರೆ ನಿಮಗೆ ಪಾಯಿಂಟ್. ನೀವು ನಾಯಕ ಅಂದವನಿಗೆ ಎರಡು ಪಟ್ಟು. ಕಳೆದ ಸೀಸನ್‌ನಲ್ಲಿ ಒಂದೇ ಒಂದು ಸಲ ಮೂರು ಪಟ್ಟು ಮಾಡಿಕೊಳ್ಳುವ ಅವಕಾಶವೂ ಇತ್ತು. ವಾರದ ಮೊದಲ ಮ್ಯಾಚಿಗೆ 90 ನಿಮಿಷ ಮುಂಚೆ ಬಾಗಿಲು ಬಂದ್. ಇಂಥ 38 ವಾರ. ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ಆಡುತ್ತಾರೆ.

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ತಲೆಗೇರುತ್ತದೆ. ಡೇಟಾ ಇದೆ, ಬಜೆಟ್ ಇದೆ, ಡೆಡ್‌ಲೈನ್ ಇದೆ. ಒಂದೇ ತೊಂದರೆ: ಡಿಪ್ಲಾಯ್ ಮಾಡಿದ ಮೇಲೆ ರೋಲ್‌ಬ್ಯಾಕ್ ಇಲ್ಲ. ಬಾಗಿಲು ಬಂದ್ ಆದ ಮೇಲೆ ಸುಮ್ಮನೆ ಕೂತು ನೋಡಬೇಕು. ಹೊಟ್ಟೆಯಲ್ಲಿ ಸಂಕಟ ಶುರುವಾಗುವುದೇ ಅಲ್ಲಿಂದ.

ಕಳೆದ ಸೀಸನ್ನಿನ ಕಥೆ ಕೇಳಿ. ಆಗಸ್ಟ್ 2024ರಲ್ಲಿ 15 ಮಿಲಿಯನ್ ಬೆಲೆಯ ಹಾಲಂಡ್ ನನಗೆ ದುಬಾರಿ ಅನಿಸಿದ. ಬಿಟ್ಟೆ. ಅವನು ಇಪ್ಸ್‌ವಿಚ್ ಮೇಲೆ ಮೂರು ಗೋಲು ಹೊಡೆದ, ಮರುವಾರ ವೆಸ್ಟ್ ಹ್ಯಾಮ್ ಮೇಲೆ ಮತ್ತೆ ಮೂರು. ಗ್ರೂಪಿನಲ್ಲಿ ನನಗೆ ಬಂದ ಮೆಸೇಜುಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ. ತಡೆಯಲಾಗದೆ 4 ಪಾಯಿಂಟ್ ದಂಡ ಕಟ್ಟಿ ಅವನನ್ನು ತಂದೆ. ದುಡ್ಡು ಹೊಂದಿಸಲು ಚೆಲ್ಸಿಯ ಪಾಮರ್‌ನನ್ನು ಮಾರಿದೆ. ಸೆಪ್ಟೆಂಬರ್ 28ರ ಸಂಜೆ ಪಾಮರ್ ಬ್ರೈಟನ್ ಮೇಲೆ ನಾಲ್ಕು ಗೋಲು ಹೊಡೆದ. ನಾಲ್ಕೂ ಮೊದಲರ್ಧದಲ್ಲೇ. ನಾನು ಆಗ ತರಕಾರಿ ಅಂಗಡಿ ಮುಂದೆ ಬದನೆಕಾಯಿ ಹಿಡಿದು ನಿಂತಿದ್ದೆ. "ಸಾರ್, ತಗೋತೀರಾ ಇಲ್ವಾ?" ಅಂತ ಅಂಗಡಿಯವರು ಎರಡು ಸಲ ಕೇಳಿದರಂತೆ.

ನಗು ಬರುತ್ತದೆ, ನನಗೂ ಈಗ ಬರುತ್ತದೆ. ಆಗ ಬರುತ್ತಿರಲಿಲ್ಲ. ಒಳ್ಳೆಯ ವಾರ ಬಂದರೆ ಸೋಮವಾರ ಆಫೀಸಿನಲ್ಲಿ ಎಲ್ಲರಿಗೂ ಚಹಾ ಕೊಡಿಸುವವನು ನಾನೇ. ಕೆಟ್ಟ ವಾರವಾದರೆ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅನ್ನುವವನೂ ನಾನೇ. ಹೆಂಡತಿ ನನ್ನ ಮುಖ ನೋಡಿಯೇ ಹಾಲಂಡ್ ಆಡಿದ್ದು ಹೇಗೆ ಅಂತ ಹೇಳುತ್ತಿದ್ದಳು. ಅವಳು ಒಂದು ಮ್ಯಾಚೂ ನೋಡಿದವಳಲ್ಲ.

ಡಿಸೆಂಬರ್ 26ರ ಸಂಜೆ ಮಾತ್ರ ಮರೆಯುವುದಿಲ್ಲ. ಸಿಟಿ ಮತ್ತು ಎವರ್ಟನ್ ಮ್ಯಾಚು, ಹಾಲಂಡ್ ನನ್ನ ನಾಯಕ. ಅವನಿಗೆ ಪೆನಾಲ್ಟಿ ಸಿಕ್ಕಿತು. ಅದೇ ಹೊತ್ತಿಗೆ ಹೆಂಡತಿ ಒಳಗಿಂದ ಬಂದಳು.

"ರೀ, ಮಾವಾರು ಫೋನ್ ಮಾಡಿದ್ರು. ಕಣ್ಣಿನ ಡಾಕ್ಟರದು ಕೇಳ್ತಿದ್ರು. ಯಾವಾಗ ಕರ್ಕೊಂಡು ಹೋಗ್ತೀರಿ?"

"ಆಮೇಲೆ."

"ದೀಪಾವಳಿಗೂ ಹಿಂಗಽ ಅಂದಿದ್ರಿ."

"ಆಮೇಲೆ ಅಂದ್ನಲ್ಲ!" ಅಂತ ಕೂಗಿಬಿಟ್ಟೆ. ಹಾಲಂಡ್ ಒದ್ದ ಚೆಂಡನ್ನು ಗೋಲ್‌ಕೀಪರ್ ತಡೆದ. ಪೆನಾಲ್ಟಿ ತಪ್ಪಿಸಿದವನಿಗೆ ಮೈನಸ್ 2. ನಾಯಕನಾದ್ದರಿಂದ ಅದೂ ಎರಡು ಪಟ್ಟು. ಹೆಂಡತಿ ಏನೂ ಅನ್ನದೆ ಒಳಗೆ ಹೋದಳು. ಅವಳ ಆ ಮೌನಕ್ಕೆ ಎಷ್ಟು ಮೈನಸ್ ಅನ್ನುವುದು ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ.

ಜನವರಿಯಲ್ಲಿ ನನ್ನ ದೆಸೆ ತಿರುಗಿತು. ಹಾಲಂಡ್‌ನನ್ನು ಬಿಟ್ಟು ಲಿವರ್‌ಪೂಲ್‌ನ ಸಲಾಹ್‌ನನ್ನೇ ಕಾಯಂ ನಾಯಕ ಮಾಡಿಕೊಂಡೆ. ಆರನೆಯ ಸ್ಥಾನದಿಂದ ಎರಡಕ್ಕೆ ಬಂದೆ. ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಕ್ರಿಸ್ ವುಡ್‌ನನ್ನು ಒಂದು ವಾರ ಬೆಂಚಿಗೆ ಹಾಕಿದೆ. ಆ ವಾರವೇ ಫಾರೆಸ್ಟ್ ಬೋರ್ನ್‌ಮತ್ ಕೈಲಿ 5-0 ಸೋತಿತು. ನನ್ನಷ್ಟು ಜಾಣ ಇಲ್ಲ ಅನಿಸಿತು.

ಮುಂದಿನ ವಾರಕ್ಕೆ ಎಲ್ಲರಿಗೂ ಗೊತ್ತಿದ್ದ ಒಂದು ಲಾಟರಿ ಕಾದಿತ್ತು. ಡಿಸೆಂಬರ್ 7ರಂದು ಬಿರುಗಾಳಿಯಿಂದಾಗಿ ಮುಂದೆ ಹೋಗಿದ್ದ ಲಿವರ್‌ಪೂಲ್ ಮತ್ತು ಎವರ್ಟನ್ ಮ್ಯಾಚು 24ನೆಯ ವಾರಕ್ಕೆ ಬಂದು ಕೂತಿತ್ತು. ಅಂದರೆ ಸಲಾಹ್ ಒಂದೇ ವಾರದಲ್ಲಿ ಎರಡು ಮ್ಯಾಚು ಆಡುತ್ತಾನೆ. ಮೂರು ಪಟ್ಟಿನ ಅವಕಾಶವನ್ನು ಈ ವಾರಕ್ಕೆಂದೇ ಕಾಯ್ದಿಟ್ಟಿದ್ದೆ. ಫೆಬ್ರವರಿ 1, ಶನಿವಾರ, ಸಂಜೆ 4:30ಕ್ಕೆ ಡೆಡ್‌ಲೈನ್. ವುಡ್‌ನನ್ನು ಬೆಂಚಿನಿಂದ ಎಬ್ಬಿಸಬೇಕು, ಸಲಾಹ್‌ಗೆ ಮೂರು ಪಟ್ಟು ಒತ್ತಬೇಕು. ಎರಡು ಬಟನ್ ಕೆಲಸ.

ಆ ಶನಿವಾರ ನಾನು ಊರಲ್ಲಿದ್ದೆ. ನಮ್ಮದು ರೋಣದ ಹತ್ತಿರದ ಹಳ್ಳಿ, ಕರಿಮಣ್ಣಿನ ಹೊಲ. ಕಡಲೆ ರಾಶಿ ಇತ್ತು. ಬೆಳಗಿನ ತಂಪಿನಲ್ಲಿ ಕಿತ್ತು ಒಟ್ಟಿದ್ದ ಕಡಲೆಗೆ ಮಧ್ಯಾಹ್ನ ಮಶಿನ್ ಬಂತು. ಫೋನನ್ನು ಟ್ರ್ಯಾಕ್ಟರಿನಲ್ಲಿ ಚಾರ್ಜಿಗೆ ಹಾಕಿದ್ದೆ. ಅವತ್ತು ಕೇಂದ್ರ ಬಜೆಟ್ ಬೇರೆ. ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ಲ ಅಂತ ಗೊತ್ತಾದ ಮೇಲೆ ಆಫೀಸಿನ ಗ್ರೂಪು ಒಂದೇ ಸಮ ಕುಣಿಯುತ್ತಿತ್ತು. ಡೆಡ್‌ಲೈನ್ ನೆನಪಿಸುವ ಮೆಸೇಜು ಅದರ ಕೆಳಗೆಲ್ಲೋ ಹೂತುಹೋಯಿತು.

ನಾಲ್ಕು ಗಂಟೆ ಸುಮಾರಿಗೆ ಚೀಲ ತೂಕಕ್ಕೆ ಬಂದವು. ಎಲೆಕ್ಟ್ರಾನಿಕ್ ಕಾಟಾದ ಮುಂದೆ ಅಪ್ಪ ನಿಂತಿದ್ದ. ಚೀಲ ಇಟ್ಟ ಕೂಡಲೇ ಬಗ್ಗಿದ, ಮುಖ ಹತ್ತಿರ ಒಯ್ದ, ಹಿಂದೆ ಸರಿದ. ಆಮೇಲೆ ಚೀಲ ಹೊಲಿಯುತ್ತಿದ್ದ ಹುಡುಗನಿಗೆ ಮೆಲ್ಲಗೆ ಅಂದ: "ಎಷ್ಟೈತಿ ನೋಡೋ ತಮ್ಮಾ."

ನಾನು ನಿಂತಲ್ಲೇ ನಿಂತೆ. ನಮ್ಮಪ್ಪ ಬಾಯಲ್ಲೇ ಬಡ್ಡಿ ಲೆಕ್ಕ ಹಾಕುವವನು. ರೋಣದ ಸಂತೆಯಲ್ಲಿ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಓರೆಯಾದರೂ ಹಿಡಿದು ನಿಲ್ಲಿಸುತ್ತಿದ್ದವನು. ಅಂಗೈ ಅಗಲದ ಕೆಂಪು ಅಂಕಿ ಅವನಿಗೆ ಕಾಣುತ್ತಿರಲಿಲ್ಲ.

"ಸರಿ, ನಾ ಓದ್ತೀನಿ" ಅಂತ ಕಾಟಾದ ಹತ್ತಿರ ಕೂತೆ. ನಾನು ತೂಕ ಹೇಳುವುದು, ಅವನು ಮನಸ್ಸಿನಲ್ಲೇ ಕೂಡಿಸುವುದು. ಕೊನೆಯ ಚೀಲದ ಹೊತ್ತಿಗೆ ಬಿಸಿಲು ಇಳಿದಿತ್ತು. ಟ್ರ್ಯಾಕ್ಟರಿಗೆ ಹೋಗಿ ಫೋನ್ ತೆಗೆದೆ. 5:10.

"ಅಯ್ಯೋ!" ಅಂತ ಚೀರಿದ್ದು ಇಡೀ ಹೊಲಕ್ಕೆ ಕೇಳಿತು. ಅಪ್ಪ ಗಾಬರಿಯಾಗಿ ಓಡಿ ಬಂದ.

"ಏನಾತೋ? ಯಾರರ ಹೋದರೇನು?"

"ಇಲ್ಲಪಾ... ಟೀಮ್. ಮೂರು ಪಟ್ಟು ಒತ್ತೂದು ಮರತೆ."

"ಮೂರು ಪಟ್ಟು ರೊಕ್ಕಾ ಬರತಿತ್ತೇನು?"

"ರೊಕ್ಕ ಅಲ್ಲ. ಪಾಯಿಂಟ್."

"ಪಾಯಿಂಟ್ ತಗೊಂಡು ಏನ್ ಮಾಡ್ತಾರ?"

ಹತ್ತು ವರ್ಷ ಆಡಿದ್ದೇನೆ, ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಬೇವಿನ ಗಿಡದ ಕೆಳಗೆ ಕೂತು ನೀರು ಕುಡಿದ.

"ನಾವು ಅಕ್ಟೋಬರ್‌ನ್ಯಾಗ ಬಿತ್ತಿದ ಮ್ಯಾಲ ಏನ್ ಬದಲಿ ಮಾಡಾಕ ಬರತೈತಿ? ಹುಳ ಬಿದ್ದರ ಎಣ್ಣಿ ಹೊಡೀತೀವಿ, ಅಷ್ಟಽ. ರೇಟ್ ಅಂತೂ ನಮ್ಮ ಕೈಯಾಗಿಲ್ಲ. ಹಿಂಗ ಚೀರಾಕ ಹತ್ತಿದರ ವರ್ಷಾನಗಟ್ಲೆ ಚೀರಬೇಕಾಕ್ಕೈತಿ."

ಆ ಸಲ ಕಡಲೆಗೆ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಅವನ ಇಡೀ ಹಿಂಗಾರಿ ಆ ಚೀಲಗಳಲ್ಲಿತ್ತು. ಅದನ್ನು ತೂಗುವಾಗ ಅಂಕಿ ಕಾಣದೆಯೂ ಅವನು ಚೀರಿರಲಿಲ್ಲ, ಪಕ್ಕದ ಹುಡುಗನನ್ನು ಕೇಳಿದ್ದ, ಅದೂ ಮೆಲ್ಲಗೆ. ಮಗನನ್ನಂತೂ ಕೇಳಿರಲಿಲ್ಲ. ಮಗನನ್ನು ಕೇಳಿ ಮೂರು ತಿಂಗಳಾಗಿತ್ತಲ್ಲ.

ಅವತ್ತು ರಾತ್ರಿ ಅಂಗಳದಲ್ಲಿ ಕೂತು ಸ್ಕೋರ್ ನೋಡಿದೆ. ಫಾರೆಸ್ಟ್ ಬ್ರೈಟನ್ ಮೇಲೆ 7-0 ಗೆದ್ದಿತ್ತು, ವುಡ್ ಮೂರು ಗೋಲು ಹೊಡೆದಿದ್ದ, ನನ್ನ ಬೆಂಚಿನಲ್ಲಿ ಕೂತುಕೊಂಡೇ. ಸಲಾಹ್ ಬೋರ್ನ್‌ಮತ್ ಮೇಲೆ ಎರಡು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಉರಿಯಿತು. ಆದರೆ ಆ ಉರಿಯ ನಡುವೆಯೇ ಒಂದು ಲೆಕ್ಕ ತಲೆಗೆ ಬಂತು. ಆಗಸ್ಟ್‌ನಿಂದ ಅವತ್ತಿನ ತನಕ 23 ಡೆಡ್‌ಲೈನ್, ಒಂದನ್ನೂ ತಪ್ಪಿಸಿರಲಿಲ್ಲ. ಪ್ರತಿಯೊಂದಕ್ಕೂ ಎರಡೆರಡು ಅಲಾರಂ. ಅಪ್ಪನ ಕಣ್ಣಿಗೆ ಒಂದೂ ಇರಲಿಲ್ಲ.

ಗ್ರೂಪಿನಲ್ಲಿ ಎಲ್ಲರೂ ನನ್ನ ಕಾಲೆಳೆಯುತ್ತಿದ್ದರು. "ಅಪ್ಪಗ ಕಣ್ಣ ಕಾಣವಲ್ಲವು, ಹುಬ್ಬಳ್ಳಿಗೆ ಕರ್ಕೊಂಡ ಹೋಗಬೇಕು" ಅಂತ ಬರೆದೆ. ಗ್ರೂಪು ಸುಮ್ಮನಾಯಿತು. ಐದು ನಿಮಿಷಕ್ಕೆ ನರಗುಂದದವನ ಫೋನ್ ಬಂತು. ಲೀಗ್‌ನಲ್ಲಿ ಮೊದಲನೆಯವನು ಅವನೇ, ಮೂರು ಪಟ್ಟು ಸರಿಯಾಗಿ ಒತ್ತಿದವನೂ ಅವನೇ. "ಅಪಾಯಿಂಟ್‌ಮೆಂಟ್ ನಾ ತಗಸ್ತೀನಿ. ಬಸ್ ಬ್ಯಾಡ, ಕಾರ್ ತರ್ತೀನಿ" ಅಂದ.

ಫೆಬ್ರವರಿ 13ಕ್ಕೆ ತಾರೀಖು ಸಿಕ್ಕಿತು. ಎವರ್ಟನ್ ಮ್ಯಾಚು ನಮ್ಮ ಲೆಕ್ಕದಲ್ಲಿ ಅದೇ ದಿನ ಬೆಳಗಿನ ಜಾವ ಒಂದು ಗಂಟೆಗೆ. ನಾನು ನಿದ್ದೆ ಮಾಡಿದೆ. ಆಸ್ಪತ್ರೆಯ ಸಾಲಿನಲ್ಲಿ ಕೂತಾಗ ನರಗುಂದದವನೇ ಹೇಳಿದ: 2-2, ಸಲಾಹ್ ಒಂದು ಗೋಲು ಹೊಡೆದು ಇನ್ನೊಂದಕ್ಕೆ ಪಾಸ್ ಕೊಟ್ಟಿದ್ದ. ಎರಡೂ ಮ್ಯಾಚು ಸೇರಿ ಅವನಿಗೆ 29 ಪಾಯಿಂಟ್. ನನಗೆ 58 ಸಿಕ್ಕಿತು, ಅವನಿಗೆ 87. "ಸಾರಿ ದೋಸ್ತ" ಅಂದ, ಹಲ್ಲು ಮಾತ್ರ ಪೂರ್ತಿ ಕಾಣುತ್ತಿದ್ದವು.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಬಲಗಣ್ಣಿನದು ಗಟ್ಟಿಯಾಗುತ್ತಿದೆ, ಇನ್ನೂ ತಡ ಮಾಡಿದ್ದರೆ ಆಪರೇಷನ್ ಕಷ್ಟವಾಗುತ್ತಿತ್ತು ಅಂತಲೂ ಅಂದರು. ಅದನ್ನು ಕೇಳುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮಾರ್ಚಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅಪ್ಪ ನನ್ನ ಮುಖ ನೋಡಿ ಮೊದಲು ಹೇಳಿದ್ದು: "ಕೂದಲಾ ಭಾಳ ಬೆಳ್ಳಗಾಗ್ಯಾವಲ್ಲೋ!" ಹೆಂಡತಿ ಪಕ್ಕದಲ್ಲೇ ಇದ್ದಳು. "ಹಾಲಂಡ್‌ದ ಕೆಲಸ ಮಾಮಾ ಅದು" ಅಂದಳು. ಅವಳು ನಕ್ಕಿದ್ದು ನೋಡಿ ನನ್ನ ಜೀವ ಹಗುರವಾಯಿತು.

ಸೀಸನ್ ಮೇ 25ಕ್ಕೆ ಮುಗಿಯಿತು. ಲಿವರ್‌ಪೂಲ್ ಚಾಂಪಿಯನ್. ಸಲಾಹ್ ಒಟ್ಟು 344 ಪಾಯಿಂಟ್ ಗಳಿಸಿದ, ಈ ಆಟದ ಇತಿಹಾಸದಲ್ಲೇ ದಾಖಲೆ. ಎರಿಹೊಲ ಎಫ್‌ಸಿ ಮೂರನೆಯ ಸ್ಥಾನ. ಎರಡನೆಯವನಾದ ಗಜೇಂದ್ರಗಡದವನಿಗೂ ನನಗೂ ಅಂತರ 14 ಪಾಯಿಂಟ್. ಹೌದು, ಲೆಕ್ಕ ಹಾಕಿದ್ದೇನೆ. ಆ ಎರಡು ಬಟನ್ ಒತ್ತಿದ್ದರೆ ನಾನು ಎರಡನೆಯವನು.

ಹಾಗಂತ ಆಟ ಬಿಟ್ಟೆ ಅಂತ ಬರೆದರೆ ಕಥೆ ಚೆಂದವಾಗುತ್ತಿತ್ತೇನೋ. ಬಿಟ್ಟಿಲ್ಲ. ಮೂರು ಊರಿನ ಮೂವರು ಹತ್ತು ವರ್ಷದಿಂದ ದಿನಾ ಮಾತಾಡುವುದು ಈ ಆಟದ ನೆಪದಿಂದ. ಈ ನೆಪ ಇಲ್ಲದಿದ್ದರೆ ಅವತ್ತು ಐದು ನಿಮಿಷಕ್ಕೆ ಆ ಫೋನ್ ಬರುತ್ತಿರಲಿಲ್ಲವೇನೋ. ಬೇಸರ, ಸಿಟ್ಟು, ಕುಣಿದಾಟ ಈ ವರ್ಷವೂ ಇರುತ್ತದೆ. ಬದಲಾದದ್ದು ಒಂದು ಸಣ್ಣ ಸಂಗತಿ: ಮ್ಯಾಚಿನ ನಡುವೆ ಯಾರಾದರೂ ಕರೆದರೆ ಫೋನು ಮಗುಚಿ ಇಡುತ್ತೇನೆ. ಹೆಂಡತಿ ಈ ನಿಯಮವನ್ನು ಈಗಾಗಲೇ ನಾಲ್ಕು ಸಲ ಟೆಸ್ಟ್ ಮಾಡಿದ್ದಾಳೆ.

ಬಿಡುವಿದ್ದಾಗ ನಿಮ್ಮ ಫೋನಿನ ಅಲಾರಂ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಯಾವುದಕ್ಕೆಲ್ಲ ಇದೆ, ಯಾರಿಗೆ ಇಲ್ಲ ಅಂತ.

ನನ್ನದರಲ್ಲಿ ಈಗ ಎರಡಿವೆ. ಒಂದು ಶುಕ್ರವಾರ ರಾತ್ರಿಯದು. ಇನ್ನೊಂದು ಅಪ್ಪನ ಎಡಗಣ್ಣಿನದು. "ಹೆಸರು ಬಿಡಿಸೂದು ಮುಗೀಲಿ, ಆಮ್ಯಾಲ ಹೋಗೂಣು" ಅಂದಿದ್ದಾನೆ, ಹಾಗಾಗಿ ತಿಂಗಳ ಕೊನೆಗೆ. ಕಾರು ತರಬೇಕಲ್ಲ ಅಂತ ನರಗುಂದದವನು ತಾರೀಖು ಕೇಳಿದ. ಹೇಳಿದೆ. ಹಾಗೇ ಈ ಸಲ ನಾಯಕ ಯಾರು ಅಂತಲೂ ಕೇಳಿದ. ಅದನ್ನು ಹೇಳಲಿಲ್ಲ.